ಭೈರೇಶ್ ಪ್ರಬುದ್ಧವಾಗಿ ನಡೆದುಕೊಂಡದ್ದು

ಅಳುವುದರಲ್ಲಿ ನಮ್ಮ ಭೈರೇಶನನ್ನು ಮೀರಿಸುವವರು ಸಾನಮಾವು ಕಾಡಿನ ಈಚೆಗೂ ಇರಲಿಲ್ಲ, ಆಚೆಗೂ ಇರಲಿಲ್ಲ. ದುಃಖ ಬಂದಾಗ ಮಾತ್ರ ಅಳುತ್ತಿದ್ದ ಅಂತ ತಿಳಿಯಬೇಡಿ. ಮದುವೆಗಳಲ್ಲಿ ಹೆಣ್ಣಿನ ತಾಯಿ ಸೆರಗು ಹುಡುಕಿಕೊಳ್ಳುವಷ್ಟರಲ್ಲಿ ಗಂಡಿನ ಕಡೆಯಿಂದ ಊಟಕ್ಕೆ ಬಂದ ಭೈರೇಶ್ ಅಳು ಶುರು ಮಾಡಿ ಮುಗಿಸಿಯೂ ಬಿಟ್ಟಿರುತ್ತಿದ್ದ. ಮಗಳು ಸಹನಾ ಚಿಕ್ಕವಳಿದ್ದಾಗ ಸ್ಕೂಲಿನ ನಾಟಕದಲ್ಲಿ ಮರದ ವೇಷ ಹಾಕಿಕೊಂಡು ಸುಮ್ಮನೆ ನಿಂತಿದ್ದಳು. ಅಷ್ಟಕ್ಕೇ ಇವನು ಮುಂದಿನ ಸಾಲಿನಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತು, ಹೆಡ್‌ಮಾಸ್ಟರು ನಾಟಕ ನಿಲ್ಲಿಸಿ ನೀರು ತರಿಸಬೇಕಾಯಿತು. ಮನೆಯ ಕರೀ ಹಸು ಸತ್ತಾಗ ಎದ್ದ ಸದ್ದು ಕೇಳಿ, ಮನುಷ್ಯರೇ ಹೋಗಿಬಿಟ್ಟರೆಂದು ಪಕ್ಕದೂರಿನವರು ಹೂವಿನ ಹಾರ ಹಿಡಿದು ಬಂದರು. ತಂದ ಹಾರವನ್ನು ವಾಪಸ್ ಒಯ್ಯುವುದು ಹೇಗೆ ಅಂತ ಸಂಕೋಚಪಟ್ಟು, ಹಸುವಿಗೇ ಹಾಕಿ, ಕೈಮುಗಿದು ಹೋದರು.

ಊರಿನಲ್ಲಿ ಇದರ ಬಗ್ಗೆ ಯಾರದೂ ದೂರಿರಲಿಲ್ಲ. ಸಾವಿನ ಮನೆಗೆ ಭೈರೇಶ್ ಬಂದನೆಂದರೆ ಮನೆಯವರಿಗೆ ಒಂದು ನೆಮ್ಮದಿ, ಹೋದವರಿಗೆ ಸಲ್ಲಬೇಕಾದ್ದು ಸಂದಿತು ಅಂತ. ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ ಈ ಮನುಷ್ಯ, ಯಾರು ಸತ್ತರೂ ಅರ್ಧ ದಿನ ರಜ ಹಾಕಿ ಬಂದು ಅತ್ತು ಹೋಗುತ್ತಿದ್ದ.

ಅವನ ಅಪ್ಪ ಮುನಿಶಾಮಪ್ಪ ಬೇರೆಯೇ ಥರದ ಗಟ್ಟಿ ಆಸಾಮಿ. ಕಾಡಿನಿಂದ ಇಳಿದು ರಾಗಿ ಹೊಲಕ್ಕೆ ನುಗ್ಗಿದ ಒಂಟಿ ಆನೆಯನ್ನು ಬದುವಿನ ಮೇಲೆ ನಿಂತು ಬೈದು ವಾಪಸ್ ಕಳಿಸಿದವನು. ಅವನಿಗೆ ಲೋಕದಲ್ಲಿ ಭಯ ಅಂತ ಇದ್ದದ್ದು ಒಂದಕ್ಕೇ, ಡಾಕ್ಟರ ಕತ್ತಿಗೆ. ಒಮ್ಮೆ ಹರ್ನಿಯಾ ಆಪರೇಷನ್ನಿಗೆ ಸೇರಿಸಿದಾಗ ಆಸ್ಪತ್ರೆಯ ಹಸಿರು ಅಂಗಿಯಲ್ಲೇ ಹಿತ್ತಲ ಬಾಗಿಲಿಂದ ಹೊರಬಿದ್ದು, ಟೌನ್ ಬಸ್ಸು ಹತ್ತಿ, ಹಿಂದೆ ಲಾಡಿ ಬಿಚ್ಚಿಹೋದದ್ದನ್ನೂ ಲೆಕ್ಕಿಸದೆ ಊರಿಗೆ ಬಂದಿಳಿದಿದ್ದ. ಆ ದಿನ ಮಗನನ್ನು ಕೂರಿಸಿಕೊಂಡು ಹೇಳಿದ್ದ:

"ನನ್ ಮೈ ಮೇಲೆ ಕತ್ತಿ ಆಡ್ಸಕ್ ಬುಡ್ಬ್ಯಾಡ ಕಣ್ಲಾ. ಬದ್ಕಿದ್ರೂ ಸರಿ, ಸತ್ರೂ ಸರಿ. ಹೆಂಗ್ ಬಂದ್ನೋ ಹಂಗೇ ನಿಮ್ಮವ್ವನ್ ಪಕ್ಕ ಮಣ್ಣಿಗಾಕು."

ಭೈರೇಶ್ ಮಾತು ಕೊಟ್ಟ. ಅತ್ತುಕೊಂಡೇ ಕೊಟ್ಟ.

ಎಲ್ಲ ಸರಿಯಾಗಿಯೇ ಇತ್ತು, ಸಹನಾಳನ್ನು ನೋಡಲು ರಾಮಕೃಷ್ಣಪ್ಪನವರು ಬರುವವರೆಗೆ. ತುಮಕೂರು ಕಡೆಯವರು, ಹೊಸೂರಿಗೆ ಬಂದು ನೆಲೆಸಿ ದೊಡ್ಡ ಕಂಪನಿಯೊಂದರಲ್ಲಿ ಆಫೀಸರಾಗಿದ್ದವರು. ಅವರ ಮಗ ಜಗನ್ ಮತ್ತು ಸಹನಾ ಒಂದೇ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದರು, ಒಬ್ಬರನ್ನೊಬ್ಬರು ಮೆಚ್ಚಿದ್ದರು. ಇನ್ನು ದೊಡ್ಡವರು ಒಂದು ಸಲ ಉಪ್ಪಿಟ್ಟು ತಿಂದು ಎದ್ದರೆ ಮುಗಿಯಿತು ಅನ್ನುವ ಹಂತ. ಉಪ್ಪಿಟ್ಟೇನೋ ತಿಂದರು. ಆಮೇಲೆ ಭೈರೇಶ್ ಮಗಳನ್ನು ಪರಿಚಯ ಮಾಡಿಕೊಡಲು ಎದ್ದು ನಿಂತು, "ಸಾರ್, ಇವ್ಳು ನಮ್ ಸಹನಾ" ಅಂದವನು, ಮುಂದಿನ ಮಾತು ಬಾರದೆ, ಪಕ್ಕದಲ್ಲಿದ್ದ ರಾಮಕೃಷ್ಣಪ್ಪನವರ ಹೆಗಲ ಮೇಲೆ ತಲೆಯಿಟ್ಟ. ಅವರದು ಇಸ್ತ್ರಿ ಮಾಡಿದ ಬಿಳಿ ಅಂಗಿ. ಹೆಗಲಿನಿಂದ ಜೇಬಿನವರೆಗೆ ಒದ್ದೆಯಾಯಿತು. ಜೇಬಿನಲ್ಲಿದ್ದ ಪೆನ್ನು ಇಂಕು ಬಿಟ್ಟಿತು.

ರಾಮಕೃಷ್ಣಪ್ಪನವರು ಕರ್ಚೀಫಿನಿಂದ ಎದೆ ಒತ್ತಿಕೊಳ್ಳುತ್ತಾ, ಪುಸ್ತಕ ಓದಿದ ಹಾಗೆ ಹೇಳಿದರು: "ನೋಡಿ ಭೈರೇಶ್ ಅವರೇ, ಹುಡುಗಿ ನಮಗೆ ಒಪ್ಪಿಗೆ. ಆದರೆ ನಾಳೆ ನಾಲ್ಕು ಜನ ಗಣ್ಯರು ಸೇರುವ ಕಡೆ ತಾವು ಸ್ವಲ್ಪ ಪ್ರಬುದ್ಧವಾಗಿ ನಡೆದುಕೊಳ್ಳಬೇಕಾಗುತ್ತದೆ. ಇಲ್ಲವಾದರೆ ಕಷ್ಟ."

ಕಾರು ಹೋದ ಮೇಲೆ ಆ ಮಾತು ಮನೆಯಲ್ಲಿ ಉಳಿಯಿತು. ನಮ್ಮೂರು ಇರುವುದು ತಮಿಳುನಾಡಿನಲ್ಲಾದ್ದರಿಂದ ಭೈರೇಶ್ ಓದಿದ್ದು ತಮಿಳು ಸ್ಕೂಲು, ಸಂತೆಯಲ್ಲಿ ಆಡುವುದು ತೆಲುಗು, ಮನೆಯಲ್ಲಿ ಕನ್ನಡ. ಮೂರು ಭಾಷೆಯಲ್ಲೂ ಅವನಿಗೆ ಬೈಗುಳ ಬರುತ್ತಿತ್ತು, ಈ ಪದ ಮಾತ್ರ ಯಾವುದರಲ್ಲೂ ಸಿಕ್ಕಿರಲಿಲ್ಲ. ಮೆಚೂರ್ಡ್ ಆಗಿ ಅಂತ ಅರ್ಥ ಅಪ್ಪ, ದೊಡ್ಡೋರ ಥರ ಇರ್ಬೇಕು ಅಂತ, ಎಂದು ಸಹನಾ ಹೇಳಿದಳು. ನಾನೇನು ಚಿಕ್ಕೋನಾ, ತಲೆ ಎಲ್ಲಾ ನರೆತೈತೆ, ಎಂದು ಇವನು ಕೇಳಿದ. ಅರ್ಥ ಸಿಕ್ಕಿತು, ಮಾಡುವುದು ಹೇಗೆ ಅನ್ನುವುದು ಸಿಕ್ಕಲಿಲ್ಲ. ಈಜುವುದು ಅಂದರೆ ನೀರಿನಲ್ಲಿ ಮುಳುಗದೆ ಇರುವುದು ಅಂತ ಹೇಳಿ ಬಾವಿಗೆ ತಳ್ಳಿದ ಹಾಗಾಯಿತು.

ಇಂಥ ಹೊತ್ತಿನಲ್ಲಿ ಊರಿಗೆ ದಿಕ್ಕು ಪಾಪಣ್ಣ. ಬಸ್ ಸ್ಟಾಪಿನಲ್ಲಿ ಟೀ ಅಂಗಡಿ. ಬೆಂಗಳೂರು ಬಸ್ಸಿನಲ್ಲಿ ಯಾರೋ ಬಿಟ್ಟುಹೋದ ಕನ್ನಡ ಪೇಪರನ್ನು ಒಂದಕ್ಷರ ಬಿಡದೆ ಓದುವವನು. ಹಾಗಾಗಿ ನಮ್ಮೂರಿನ ಕನ್ನಡಕ್ಕೆ ಅವನೇ ಕೊನೆಯ ಮಾತು. ಭೈರೇಶ್ ಕೇಳಿದ್ದೇ ಪಾಪಣ್ಣ ಬೋಂಡಾ ಕಟ್ಟಲು ಇಟ್ಟಿದ್ದ ಹಳೆಯ ಪೇಪರುಗಳಲ್ಲಿ ಹುಡುಕಿ ಒಂದು ಫೋಟೋ ತೋರಿಸಿದ. ಎಲೆಕ್ಷನ್ನಿನಲ್ಲಿ ಸೋತ ಯಾರೋ ಒಬ್ಬರು. ಸೋಲನ್ನು ಪ್ರಬುದ್ಧವಾಗಿ ಸ್ವೀಕರಿಸಿದರು ಎಂದು ಕೆಳಗೆ ಬರೆದಿತ್ತು.

"ಮುಖ ನೋಡು," ಎಂದ ಪಾಪಣ್ಣ. "ಏನಾದ್ರೂ ಕಾಣ್ತದಾ? ಏನೂ ಕಾಣಲ್ಲ. ಒಳಗೆ ಬೆಂಕಿ ಬಿದ್ರೂ ಮುಖದ್ ಮೇಲೆ ಹೊಗೆ ಬರ್ಕೂಡ್ದು. ಕೈ ಮುಂದ್ಕೆ ಕಟ್ಕೊಂಡು ನಿಂತ್ಕೊಬೇಕು. ಯಾರೇನ್ ಕೇಳಿದ್ರೂ 'ನೋಡೋಣ' ಅನ್ಬೇಕು. ಇಷ್ಟೇ ಕಣ್ಲಾ ಪ್ರಬುದ್ಧವಾಗಿ ಅಂದ್ರೆ."

ಭೈರೇಶ್ ಆ ಫೋಟೋ ಕೇಳಿ ತೆಗೆದುಕೊಂಡ. ಅದಕ್ಕೆ ಅಂಟಿದ್ದ ಬೋಂಡಾ ಎಣ್ಣೆಯಿಂದ ಆ ಮನುಷ್ಯನ ಮುಖ ಇನ್ನಷ್ಟು ಪ್ರಬುದ್ಧವಾಗಿ ಹೊಳೆಯುತ್ತಿತ್ತು.

ಅಂದಿನಿಂದ ಮನೆಯಲ್ಲಿ ತಾಲೀಮು. ಹೆಂಡತಿ ಚೆನ್ನಮ್ಮನಿಗೆ ಆ ಪದ ನಾಲಿಗೆಗೆ ಒಗ್ಗಿಬಿಟ್ಟಿತು. ಪ್ರಬುದ್ಧವಾಗಿ ಹೋಗಿ ಹಾಲು ತನ್ನಿ, ಪ್ರಬುದ್ಧವಾಗಿ ಕಾಲು ಒರೆಸ್ಕೊಂಡು ಒಳಗೆ ಬನ್ನಿ, ಚಾಪೇನ ಪ್ರಬುದ್ಧವಾಗಿ ಸುತ್ತಿಡಿ. ಟೀವಿ ಧಾರಾವಾಹಿಯಲ್ಲಿ ಸೊಸೆಯನ್ನು ಮನೆಯಿಂದ ಆಚೆ ಹಾಕುವ ದೃಶ್ಯ ಬಂದಾಗ ಗಂಡನ ಮುಖವನ್ನು ಟಾರ್ಚು ಬಿಟ್ಟು ಪರೀಕ್ಷೆ ಮಾಡುವಳು. ಮೊದಮೊದಲು ಸೋತ. ಆಮೇಲೆ ಉಸಿರನ್ನು ಹೊಟ್ಟೆಯಲ್ಲಿ ಕಟ್ಟಿ ಹಿಡಿದು, ನಾಲಿಗೆಯನ್ನು ಹಲ್ಲಿಗೆ ಒತ್ತಿ ಗೆಲ್ಲತೊಡಗಿದ. ಮುನಿಶಾಮಪ್ಪ ಜಗಲಿಯ ಮೇಲಿನಿಂದ ಇದನ್ನೆಲ್ಲಾ ನೋಡಿ, ಯಾಕ್ಲಾ, ಹಲ್ಲು ನೋವಾ, ಲವಂಗ ಇಟ್ಕೊ, ಎಂದು ಹೇಳಿದ.

ಫ್ಯಾಕ್ಟರಿಯಲ್ಲಿ ಫೋರ್ಕ್‌ಲಿಫ್ಟು ತಾಗಿ ಒಂದು ರ‍್ಯಾಕಿನ ಮಾಲೆಲ್ಲ ನೆಲಕ್ಕೆ ಬಂದಾಗ ಸೂಪರ್‌ವೈಸರ್ ಯುವರಾಜ್ ತಲೆ ಮೇಲೆ ಕೈಹೊತ್ತು ಓಡಿಬಂದ. ಭೈರೇಶ್ ಕೈಕಟ್ಟಿ ನಿಂತು, ನೋಡೋಣ, ಅಂದ. ಇವನು ಬೇರೆ ಎಲ್ಲೋ ಕೆಲಸ ನೋಡಿಕೊಂಡಿರಬೇಕು ಅಂತ ಡಿಪಾರ್ಟ್‌ಮೆಂಟೆಲ್ಲ ಮಾತಾಡಿತು.

ಹೀಗೆ ಭೈರೇಶ್ ಪ್ರಬುದ್ಧನಾಗಿ ಪಳಗಿದ. ರಾಮಕೃಷ್ಣಪ್ಪನವರು ನಿಶ್ಚಿತಾರ್ಥದ ದಿನ ಗೊತ್ತು ಮಾಡಲು ಒಂದು ಭಾನುವಾರ ಬರುವುದಾಗಿ ಹೇಳಿ ಕಳಿಸಿದರು.

ಆ ಭಾನುವಾರ ಬೆಳಿಗ್ಗೆ ಮುನಿಶಾಮಪ್ಪ ಮುದ್ದೆ ಉಂಡು, ಜಗಲಿಯ ಬಿಸಿಲಿಗೆ ಒರಗಿ ಕೂತ. ಬೀಗರು ಬರುವ ಹೊತ್ತಾಯಿತು, ಒಳ್ಳೆ ಅಂಗಿ ಹಾಕ್ಕೊ ಅಪ್ಪ, ಎಂದು ಭೈರೇಶ್ ಹೇಳಲು ಹೋದಾಗ ಅಪ್ಪ ಕಣ್ಣು ತೆರೆದೇ ಕೂತಿದ್ದ. ಹೆಗಲು ಮುಟ್ಟಿದ. ತಲೆ ಮೆಲ್ಲಗೆ ಮಗನ ಕೈಗೆ ವಾಲಿತು.

ಭೈರೇಶನ ಹೊಟ್ಟೆಯಲ್ಲಿ ಅದು ಎದ್ದಿತು. ಎದೆಗೆ ಬಂದಿತು. ಗಂಟಲಿಗೆ ಬಂದಿತು. ಬಾಯಿ ತೆರೆದ. ಆಗ ಬೀದಿಯ ತಿರುವಿನಲ್ಲಿ ಹಾರನ್ ಆಯಿತು. ರಾಮಕೃಷ್ಣಪ್ಪನವರ ಬಿಳಿ ಕಾರು.

ಭೈರೇಶ್ ಬಾಯಿ ಮುಚ್ಚಿದ. ಗಂಟಲಿಗೆ ಬಂದದ್ದನ್ನು ಮಾತ್ರೆ ನುಂಗಿದ ಹಾಗೆ ನುಂಗಿದ. ಅಪ್ಪನ ಕಣ್ಣು ಮುಚ್ಚಿ, ತಲೆಯನ್ನು ಗೋಡೆಗೆ ಒರಗಿಸಿ, ಕಾರಿನ ಬಳಿ ಹೋಗಿ ಕೈಕಟ್ಟಿ ನಿಂತು ಹೇಳಿದ:

"ಬನ್ನಿ ಸಾರ್, ಬನ್ನಿ. ನಮ್ಮಪ್ಪ ಈಗಷ್ಟೇ ತೀರ್ಕೊಂಡ್ರು. ನೀವು ನೆರಳಲ್ಲಿ ಕೂತ್ಕೊಳಿ."

ಒಳಗೆ ತಿರುಗಿ, "ಚೆನ್ನಿ, ಪಾಯಸ ಇಳಿಸ್ಬುಡು" ಅಂದ.

ಚೆನ್ನಮ್ಮ ಹೊರಬಂದು ಮಾವನನ್ನು ನೋಡಿ ಕಿರುಚಿದಳು. ಸಹನಾ ತಾತನ ಕಾಲಿಗೆ ಬಿದ್ದಳು. ಜಗನ್ ಬಾಗಿಲಲ್ಲೇ ಹಣ್ಣಿನ ತಟ್ಟೆ ಹಿಡಿದು ನಿಂತುಬಿಟ್ಟ. ಬೀದಿಯೆಲ್ಲ ಸೇರಿತು. ಸೇರಿದವರೆಲ್ಲ ಮೊದಲು ನೋಡಿದ್ದು ಭೈರೇಶನನ್ನು. ಎಲ್ಲರ ಕಿವಿಯೂ ಆ ಒಂದು ಕೂಗಿಗೆ ಕಾದಿತ್ತು. ಅವನೋ ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲಾಗಿ ಹಾಕುತ್ತಿದ್ದ. ಸಾಲು ಸೊಟ್ಟಗಿದೆಯೇನೋ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ.

ಆಮೇಲೆ ನಡೆದದ್ದೆಲ್ಲ ಚುರುಕಾಗಿ ನಡೆಯಿತು. ಅದೇ ಮುಳುವಾಯಿತು. ಹೆಣ ಇಡುವ ಫ್ರೀಜರ್ ಪೆಟ್ಟಿಗೆಯ ಬಚ್ಚಪ್ಪ ಬೇರೊಂದು ಸಾವು ಮುಗಿಸಿಕೊಂಡು ಹೈವೇಯಲ್ಲೇ ಬರುತ್ತಿದ್ದನಾದ್ದರಿಂದ ಫೋನು ಮಾಡಿದ ಅರ್ಧ ಗಂಟೆಯೊಳಗೆ ಪೆಟ್ಟಿಗೆ ಬಾಗಿಲಿಗೆ ಬಂತು. ನಮ್ಮ ಕಡೆ ಸಾವಿಗೆ ಫ್ಲೆಕ್ಸ್ ಬೇಕೇ ಬೇಕು. ಮೇಲೆ ದೊಡ್ಡದಾಗಿ ತಮಿಳಿನಲ್ಲಿ 'ಕಣ್ಣೀರ ಅಂಜಲಿ' ಅಂತ, ನಡುವೆ ಹೋದವರ ಫೋಟೋ, ಕೆಳಗೆ ಕಣ್ಣೀರಿಡುವವರ ಫೋಟೋಗಳು. ಸೂಳಗಿರಿಯ ಫ್ಲೆಕ್ಸ್ ಅಂಗಡಿಯವನ ಹತ್ತಿರ ಇವರ ಮನೆಯ ಫೋಟೋ ಇದ್ದದ್ದು ನಿಶ್ಚಿತಾರ್ಥಕ್ಕೆಂದು ಚೆನ್ನಮ್ಮ ಮುಂಗಡವಾಗಿ ಕೊಟ್ಟವು ಮಾತ್ರ. ಭಾನುವಾರ, ಅಂಗಡಿ ಮುಚ್ಚುವ ಅವಸರ. ಅವನು ನಿಶ್ಚಿತಾರ್ಥಕ್ಕೆ ಮಾಡಿಟ್ಟಿದ್ದ ಡಿಸೈನಿನಿಂದ ಹುಡುಗ ಹುಡುಗಿಯನ್ನು ತೆಗೆದು, ಅಲ್ಲಿ ಮುನಿಶಾಮಪ್ಪನನ್ನು ಕೂರಿಸಿ, ಮೇಲಿನ ಅಕ್ಷರ ಬದಲಾಯಿಸಿ ಕಳಿಸಿಬಿಟ್ಟ. ಹೀಗಾಗಿ ಕಣ್ಣೀರ ಅಂಜಲಿಯ ಕೆಳಗೆ ಭೈರೇಶ್ ಕೂಲಿಂಗ್ ಗ್ಲಾಸ್ ಹಾಕಿ, ಮೂವತ್ತೆರಡು ಹಲ್ಲು ಬಿಟ್ಟು, ಹೆಬ್ಬೆರಳು ಎತ್ತಿ ನಿಂತಿದ್ದ. ಮೂಲೆಯಲ್ಲಿ ಎರಡು ಪಾರಿವಾಳಗಳು ಹಾಗೇ ಉಳಿದಿದ್ದವು.

ಅದನ್ನು ಮನೆ ಮುಂದಿನ ಪೆಂಡಾಲಿಗೆ ಕಟ್ಟುವ ಹೊತ್ತಿಗೇ ಮುನಿರತ್ನಮ್ಮ ಬಂದಳು. ಮುನಿಶಾಮಪ್ಪನ ಒಬ್ಬಳೇ ತಂಗಿ, ಭೈರೇಶನ ಸೋದರತ್ತೆ. ಮಗ ಮೂರ್ತಿಯ ಜೊತೆ ಸೂಳಗಿರಿಯಿಂದ ಆಟೋದಲ್ಲಿ ಬಂದವಳು ಬೀದಿಯ ತುದಿಯಲ್ಲೇ ಇಳಿದು, ಅಣ್ಣನ ಗುಣಗಳನ್ನು ಒಂದೊಂದಾಗಿ ಕರೆದು ಅಳುತ್ತಾ, ಎದೆ ಹೊಡೆದುಕೊಳ್ಳುತ್ತಾ ಓಡಿಬಂದಳು. ಸಾವಿನ ಮನೆಯಲ್ಲಿ ನಂಟರು ಒಬ್ಬರ ಕೊರಳು ಒಬ್ಬರು ಹಿಡಿದು ಅಳುವುದು ಪದ್ಧತಿ. ಮೊದಲು ಹಿಡಿಯಬೇಕಾದದ್ದು ಸೋದರಳಿಯನ ಕೊರಳು. ಎರಡೂ ತೋಳು ಚಾಚಿ ಅವನ ಮೇಲೆ ಬೀಳುವುದರಲ್ಲಿದ್ದಳು.

ಭೈರೇಶ್ ಕೈಕಟ್ಟಿ ನಿಂತು ಕೇಳಿದ: "ಬಾ ಅತ್ತೆ. ಊಟ ಆಯ್ತಾ?"

ಮುನಿರತ್ನಮ್ಮನ ಅಳು ನಡುದಾರಿಯಲ್ಲಿ ನಿಂತುಹೋಯಿತು. ಚಾಚಿದ ತೋಳು ಚಾಚಿದ ಹಾಗೇ ಇದ್ದವು. ಅವಳು ಅಳಿಯನನ್ನು ನೋಡಿದಳು. ತಲೆಯೆತ್ತಿ ಫ್ಲೆಕ್ಸಿನಲ್ಲಿ ನಗುತ್ತಿದ್ದ ಅಳಿಯನನ್ನು ನೋಡಿದಳು. ಒಲೆಯ ಪಕ್ಕ ಇಳಿಸಿಟ್ಟ ಪಾಯಸದ ಪಾತ್ರೆಯನ್ನು ನೋಡಿದಳು. ಪೆಟ್ಟಿಗೆಯ ಗಾಜಿನೊಳಗೆ ಅಣ್ಣನ ತುಟಿ ಕಪ್ಪಗಾದದ್ದನ್ನು ನೋಡಿದಳು. ಅಣ್ಣನ ತುಟಿ ಬೀಡಿ ಸೇದಿ ಸೇದಿ ಎಷ್ಟೋ ವರ್ಷದಿಂದ ಕಪ್ಪೇ ಇತ್ತು, ಆದರೆ ಆ ಹೊತ್ತಿಗೆ ಅದನ್ನು ಯಾರು ನೆನೆಯುತ್ತಾರೆ.

"ಹಸಕ್ ಅತ್ತೋನು ಹೆತ್ತಪ್ಪಂಗ್ ಅಳಾಕಿಲ್ಲ," ಎಂದಳು. "ಇದ್ರಲ್ಲೇನೋ ಐತೆ."

ಈ ಮಾತು ಪೆಂಡಾಲಿನೊಳಗೆ ಬೀಡಿಯ ಬೆಂಕಿಯ ಹಾಗೆ ಕೈಯಿಂದ ಕೈಗೆ ಹೋಯಿತು. ಬಚ್ಚಪ್ಪ ತನ್ನ ಪೆಟ್ಟಿಗೆಗೆ ಒರಗಿ, ಎಷ್ಟೋ ಸಾವು ನೋಡಿದವನ ಗತ್ತಿನಲ್ಲಿ, ಅಳದ ಮಗ ಇದ್ದ ಕಡೆಯಲ್ಲೆಲ್ಲ ಒಂದೋ ಜಮೀನು ಇರ್ತದೆ, ಇಲ್ಲಾ ಔಷಧಿ ಇರ್ತದೆ ಎಂದು ತೀರ್ಪು ಕೊಟ್ಟ. ಫೋನು ಮಾಡಿದ ಅರ್ಧ ಗಂಟೆಗೆ ಪೆಟ್ಟಿಗೆ ಬಂತಲ್ಲ, ಮೊದ್ಲೇ ಹೇಳಿಟ್ಟಿದ್ದನಾ, ಎಂದು ಇನ್ನೊಬ್ಬ ಕೇಳಿದ. ಆ ಪೆಟ್ಟಿಗೆ ತಂದವನು ತಾನೇ ಎಂಬುದು ಬಚ್ಚಪ್ಪನಿಗೂ ಆಗ ಹೊಳೆಯಲಿಲ್ಲ, ಹೌದಲ್ವಾ, ಅಂದ. ಚೆನ್ನಮ್ಮ ಅತ್ತುಕೊಂಡೇ, ಬೀಗರು ಪ್ರಬುದ್ಧವಾಗಿ ಇರಕ್ಕೆ ಹೇಳವ್ರೆ ಅದಕ್ಕೇ ಇವ್ರು ಹಿಂಗೆ, ಎಂದು ಬಿಡಿಸಿ ಹೇಳಲು ನೋಡಿದಳು. ಅಪ್ಪ ಸತ್ತರೆ ಮಗ ಅಳಬಾರದು ಅನ್ನುವ ಬೀಗರು ಯಾವ ಲೋಕದಲ್ಲಿ ಇರುತ್ತಾರೆ? ಯಾರೂ ನಂಬಲಿಲ್ಲ. ಪಾಪಣ್ಣ ಒಬ್ಬನೇ ಮೂಲೆಯಲ್ಲಿ ಹೆಮ್ಮೆಯಿಂದ, ನಾನೇ ಹೇಳ್ಕೊಟ್ಟಿದ್ದು, ಎಂದು ಶುರು ಮಾಡಿದವನು, ಸುತ್ತಲಿನವರ ಮುಖ ನೋಡಿ, ಟೀ ಅಂಗಡಿಯಲ್ಲಿ ಹಾಲು ಉಕ್ಕುತ್ತದೆಂದು ಹೊರಟುಹೋದ.

ಮೂರ್ತಿ ಪೊಲೀಸರಿಗೆ ಫೋನು ಮಾಡಿದ.

ಎಸ್‌ಐ ಜೀಪಿನಲ್ಲಿ ಬಂದರು, ಊರಿನ ಕಂದಾಯ ಲೆಕ್ಕ ನೋಡುವ ಸರ್ಕಾರಿ ಅಧಿಕಾರಿ ವಿ.ಎ.ಓ. ಅವರ ಹಿಂದೆ ಬೈಕಿನಲ್ಲಿ ಬಂದರು. ಭಾನುವಾರದ ಊಟ ಬಿಟ್ಟು ಬಂದ ಎಸ್‌ಐಗೆ ಬೇಗ ಮುಗಿಸುವ ಮನಸ್ಸಿತ್ತು. ತಮಿಳಿನಲ್ಲಿ ಕೇಳಿದರು. ಯಾವಾಗ ಸತ್ತರು? ಭೈರೇಶ್ ಕೈಕಟ್ಟಿ, ಅವ್ರ ಟೈಮ್ ಬಂದಾಗ ಸಾರ್, ಅಂದ. ಏನು ತಿಂದಿದ್ದರು? ಎಲ್ಲಾರೂ ತಿನ್ನೋದೇ ಸಾರ್. ಸಾವಿನ ಮೇಲೆ ನಿನಗೆ ಅನುಮಾನ ಉಂಟಾ? ನೋಡೋಣ ಸಾರ್.

ಎಸ್‌ಐ ತೊಪ್ಪಿ ತೆಗೆದು ಮತ್ತೆ ಹಾಕಿಕೊಂಡರು. ಹದಿನೈದು ವರ್ಷದ ಸರ್ವಿಸಿನಲ್ಲಿ ಅವರು ಕಂಡ ಕಳ್ಳರು, ಕೊಲೆಗಾರರು ಎಲ್ಲರೂ ಕಾಲಿಗೆ ಬೀಳುವವರೇ. ಇಷ್ಟು ತಣ್ಣಗೆ ಮಾತಾಡಿದವನು ಯಾರೂ ಇರಲಿಲ್ಲ. ಅವರು ಗಟ್ಟಿಯಾಗಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರು: ಯಾರಿಗೂ ಅನುಮಾನ ಇಲ್ಲ ಅಂದರೆ ಮಣ್ಣು ಮಾಡಿ, ನಾನು ಹೊರಟೆ. ಇದೆ ಅಂದರೆ ಹೆಣ ಪೋಸ್ಟ್‌ಮಾರ್ಟಂಗೆ ಹೋಗಬೇಕು.

ಪೋಸ್ಟ್‌ಮಾರ್ಟಂ ಅಂದರೆ ಕತ್ತಿ. ಹಸಿರು ಅಂಗಿಯಲ್ಲಿ ಓಡಿಬಂದ ಮುನಿಶಾಮಪ್ಪನನ್ನು ಅಲ್ಲಿ ಯಾರೂ ಮರೆತಿರಲಿಲ್ಲ. ಮುನಿರತ್ನಮ್ಮ ಎಸ್‌ಐ ಮುಂದೆ ಕೈಮುಗಿದಳು.

"ಕುಯ್ಯೋದು ಬ್ಯಾಡ ಸಾ. ಇವ್ನು ಒಂದೇ ಒಂದ್ ಸತಿ ಅಳ್ಲಿ. ನಂಗ್ಯಾವ ಅನುಮಾನಾನೂ ಇಲ್ಲ ಅಂತ ನಾನೇ ಹೇಳ್ತೀನಿ."

ಊರಿಗೆ ಊರೇ ಭೈರೇಶನ ಕಡೆ ತಿರುಗಿತು. ಅವನ ಕೆಲಸ ಎಷ್ಟು ಸುಲಭದ್ದು ನೋಡಿ. ಜನ್ಮವಿಡೀ ಮಾಡಿಕೊಂಡು ಬಂದದ್ದನ್ನು ಇನ್ನೊಂದು ಸಲ ಮಾಡಿದರೆ ಅಪ್ಪ ಇದ್ದ ಹಾಗೇ ಮಣ್ಣಿಗೆ ಸೇರುತ್ತಾನೆ. ಹೊಟ್ಟೆಯಲ್ಲಿ ಅದು ಅಲ್ಲೇ ಕುದಿಯುತ್ತಿತ್ತು, ಕಟ್ಟು ಬಿಚ್ಚಿದರೆ ಸಾಕು. ಆದರೆ ಎದುರಿಗೆ, ಅವನೇ ನೇರ ಮಾಡಿದ ಕುರ್ಚಿಯ ಸಾಲಿನ ಮೊದಲನೆಯದರಲ್ಲಿ, ರಾಮಕೃಷ್ಣಪ್ಪನವರು ಕೂತಿದ್ದರು. ಅವರ ಪಕ್ಕದಲ್ಲಿ ಜಗನ್. ನಾಲ್ಕು ಜನ ಗಣ್ಯರು ಸೇರುವ ಕಡೆ ಅಂದಿದ್ದರಲ್ಲ. ಇಲ್ಲಿ ಎಸ್‌ಐ, ವಿ.ಎ.ಓ., ಎಲ್ಲರೂ ಇದ್ದರು.

"ಅಪ್ಪಾ, ಅತ್ಬುಡಪ್ಪ," ಎಂದಳು ಸಹನಾ. "ನಂಗೇನೂ ಬೇಡ. ತಾತನ್ನ ಕಳಿಸ್ಬೇಡ."

ಭೈರೇಶ್ ಮಗಳನ್ನು ನೋಡಿದ. ಪೆಟ್ಟಿಗೆಯನ್ನು ನೋಡಿದ. ರಾಮಕೃಷ್ಣಪ್ಪನವರನ್ನು ನೋಡಿದ. ಕೈಯನ್ನು ಮುಂದಕ್ಕೆ ಕಟ್ಟಿಕೊಂಡ.

"ನೋಡೋಣ," ಎಂದ.

ಎಸ್‌ಐ ಜೀಪಿನ ಕಡೆ ಕೈ ಮಾಡಿದರು. ಪೊಲೀಸರು ಪೆಟ್ಟಿಗೆಗೆ ಕೈ ಹಾಕುತ್ತಿದ್ದಂತೆ ರಾಮಕೃಷ್ಣಪ್ಪನವರು ಎದ್ದು ನಿಂತರು. ಅವರ ಮುಖ ಬಿಳುಪೇರಿತ್ತು.

"ಇದೇನ್ರೀ, ಕರುಳೇ ಇಲ್ಲವಲ್ಲ ನಿಮಗೆ," ಎಂದರು. "ಹೆತ್ತ ತಂದೆಯನ್ನು ಕೊಯ್ಯಲು ಎತ್ತಿಕೊಂಡು ಹೋಗುತ್ತಿದ್ದಾರೆ, ಕಲ್ಲಿನ ಹಾಗೆ ನಿಂತಿದ್ದೀರಿ. ಇಂಥ ಮನೆಯಿಂದ ಹೆಣ್ಣು ತರುವುದು ಹೇಗೆ? ಜಗನ್, ಏಳು."

"ಸಾರ್, ನೀವೇ ಅಲ್ವಾ ಹೇಳಿದ್ದು," ಎಂದ ಭೈರೇಶ್. "ಪ್ರಬುದ್ಧವಾಗಿ ಇರ್ಬೇಕು ಅಂತ."

"ಅದು ಮದುವೆಗೆ ಹೇಳಿದ್ದು ಕಣಯ್ಯ. ಸಾವಿಗಲ್ಲ."

ಜಗನ್ ಹಣ್ಣಿನ ತಟ್ಟೆಯನ್ನು ಎಲ್ಲಿಡುವುದೆಂದು ತಿಳಿಯದೆ ವಿ.ಎ.ಓ. ಕೈಗೆ ಕೊಟ್ಟು ಅಪ್ಪನ ಹಿಂದೆ ಹೋದ. ಬಿಳಿ ಕಾರು ಧೂಳೆಬ್ಬಿಸಿಕೊಂಡು ತಿರುಗಿತು.

ಆಗ ಬಂತು ನೋಡಿ. ಬೆಳಿಗ್ಗೆಯಿಂದ ತಡೆದದ್ದು, ತಿಂಗಳುಗಟ್ಟಲೆ ತಾಲೀಮು ಮಾಡಿ ಮಾಡಿ ಒಳಗೆ ತುರುಕಿದ್ದು, ಎಲ್ಲ ಒಟ್ಟಿಗೆ. ಭೈರೇಶ್ ಬಾಯಿ ತೆರೆದು ಕೂಗಿದ ಕೂಗಿಗೆ ಹುಣಿಸೆ ಮರದ ಕಾಗೆಗಳೆಲ್ಲ ಎದ್ದವು. ಅವನು ಓಡಿಹೋಗಿ ಪೆಟ್ಟಿಗೆಯ ಗಾಜಿನ ಮೇಲೆ ಬಿದ್ದ, ಅಪ್ಪಾ ಅಪ್ಪಾ ಎಂದು ಗಾಜಿಗೆ ಹಣೆ ಚಚ್ಚಿದ, ಎಸ್‌ಐ ಬೂಟು ಹಿಡಿದ. ಮುನಿರತ್ನಮ್ಮ ದಡಬಡಿಸಿ ಮುಂದೆ ಬಂದು, ಅತ್ತ ಸಾ, ಅತ್ತ, ಇನ್ ಸಾಕು ಬುಡಿ, ನಂಗನುಮಾನ ಇಲ್ಲ, ಎಂದು ಬೇಡಿಕೊಂಡಳು.

ಎಸ್‌ಐ ಬೂಟು ಬಿಡಿಸಿಕೊಂಡರು. ಈ ಅಳು ಬೇರೆ ಅಮ್ಮಾ, ಎಂದು ಸಮಾಧಾನವಾಗಿ ತಿಳಿಸಿ ಹೇಳಿದರು. ನಮ್ಮ ಜೀಪು ಕಂಡ ಮೇಲೆ ಎಲ್ಲರೂ ಹೀಗೇ ಅಳೋದು. ಈಗಂತೂ ಬಿಡೋ ಹಾಗಿಲ್ಲ.

ಸಿಕ್ಕಾಕೊಂಡ ಮೇಲೆ ಅಳ್ತಾವ್ನೆ, ಎಂದು ಊರೂ ಹೇಳಿತು.

ಅಪ್ಪನನ್ನು ಆಸ್ಪತ್ರೆಗೆ ಒಯ್ದರು, ಮಗನನ್ನು ಠಾಣೆಗೆ ಒಯ್ದರು. ಬೆಂಚಿನ ಮೇಲೆ ಕೂತು ಭೈರೇಶ್ ಮರುದಿನದವರೆಗೂ ಅತ್ತ. ಕೆಲಸ ಮಾಡಲಾಗುತ್ತಿಲ್ಲ ಎಂದು ರೈಟರು ಎಸ್‌ಐಗೆ ದೂರಿದನಂತೆ. ಲಾಕಪ್ಪಿನಲ್ಲಿದ್ದ ಒಬ್ಬ ಬೈಕು ಕಳ್ಳ ಇವನ ಅಳು ತಡೆಯಲಾರದೆ ಕದ್ದ ಇನ್ನೊಂದು ಬೈಕಿನ ವಿಷಯವನ್ನೂ ಹೇಳಿಬಿಟ್ಟನಂತೆ. ಇದನ್ನು ಹೇಳಿ ನಕ್ಕವರು ನಮ್ಮೂರಿನಲ್ಲಿ ಇದ್ದಾರೆ. ಮಧ್ಯಾಹ್ನ ಆಸ್ಪತ್ರೆಯಿಂದ ತಿಳಿಸಿದರು. ವಯಸ್ಸಾಗಿತ್ತು, ಹೃದಯ ನಿಂತಿದೆ, ಬೇರೇನೂ ಇಲ್ಲ. ಎಸ್‌ಐ ಭೈರೇಶನ ಬೆನ್ನು ತಟ್ಟಿ, ಇದನ್ನೇ ನಿನ್ನೆ ಮೊದಲೇ ಅತ್ತಿದ್ದರೆ ಇಷ್ಟೆಲ್ಲ ಇರ್ತಿತ್ತಾ, ಎಂದು ಕೇಳಿ, ಟೀ ಕುಡಿಸಿ ಕಳಿಸಿಕೊಟ್ಟರು.

ಮುನಿಶಾಮಪ್ಪ ವಾಪಸ್ ಬಂದ. ಕತ್ತಿನಿಂದ ಕಾಲಿನವರೆಗೆ ಬಿಳಿ ಬಟ್ಟೆ ಬಿಗಿದು ಸುತ್ತಿ, ಹುರಿ ಕಟ್ಟಿದ್ದರು. ಮುಖ ಒಂದೇ ಕಾಣುತ್ತಿತ್ತು. ಬಟ್ಟೆಯ ಅಂಚಿನಲ್ಲಿ, ಕೊರಳ ಕೆಳಗೆ, ಗೋಣಿಚೀಲ ಹೊಲಿದ ಹಾಗೆ ದಪ್ಪ ದಾರದ ಹೊಲಿಗೆಯ ಮೊದಲ ಗಂಟು ಇಣುಕುತ್ತಿತ್ತು. ಬಟ್ಟೆ ಬಿಚ್ಚುವ ಹಾಗಿಲ್ಲ, ನೀರು ಹಾಕುವ ಹಾಗಿಲ್ಲ ಎಂದು ಹೇಳಿ ಕಳಿಸಿದ್ದರು. ಕೊನೆಯ ಸ್ನಾನಕ್ಕೆಂದು ಚೆನ್ನಮ್ಮ ಅರಿಸಿನ ಹಾಕಿ ಕಾಯಿಸಿದ್ದ ಹಂಡೆ ನೀರು ಹಾಗೇ ಆರಿತು. ತಮಟೆಯವರು ಬಂದಿದ್ದರು, ಬಾರಿಸಲು ಯಾರೂ ಹೇಳಲಿಲ್ಲ.

ಹೊಲದಲ್ಲಿ ಹೆಂಡತಿಯ ಪಕ್ಕ ಗುಂಡಿ ತೋಡಿತ್ತು. ಊರೆಲ್ಲ ಬಂದಿತ್ತು, ನಿನ್ನೆಗಿಂತ ಹೆಚ್ಚು ಜನ. ಭೈರೇಶ್ ಅಪ್ಪನ ಬಾಯಿಗೆ ಅಕ್ಕಿ ಹಾಕಿ, ಕೂಗಿ ಕೂಗಿ ಅತ್ತ. ಜನರಿಗೆ ಸಮಾಧಾನವಾಯಿತು. ಒಳ್ಳೇ ಮಗ, ನಾವೇ ತಪ್ಪು ತಿಳ್ಕೊಂಡ್ವಿ, ಎಂದು ನಾಲ್ಕಾರು ಜನ ಹೇಳಿಕೊಂಡರು. ಆಮೇಲೆ, ಸುಮ್ಮನೆ ಇರಲಾಗದೆ, ಆ ಕಣ್ಣುಗಳೆಲ್ಲ ಗುಂಡಿಯ ಆ ಬದಿಗೆ ಹೋದವು.

ಅಲ್ಲಿ ಮುನಿರತ್ನಮ್ಮ ನಿಂತಿದ್ದಳು. ಹೊಲಿಗೆಯ ಆ ಗಂಟನ್ನು ನೋಡಿದ ಮೇಲಿಂದ ಅವಳು ಬಾಯಿ ಬಿಟ್ಟಿರಲಿಲ್ಲ. ಕಣ್ಣು ಒಣಗಿದ ಕೆರೆಯ ಹಾಗಿತ್ತು. ಅಕ್ಕಿ ಹಾಕುವಾಗಲೂ ಅಳಲಿಲ್ಲ.

ಬಚ್ಚಪ್ಪ ಪಕ್ಕದವನಿಗೆ ಮೆಲ್ಲಗೆ ಹೇಳಿದ: "ನೋಡ್ದಾ? ಒಡಹುಟ್ಟಿದೋಳು, ಒಂದ್ ತೊಟ್ಟು ಇಲ್ಲ. ಅಲ್ಲಾ, ಮೊದ್ಲು ಪೊಲೀಸ್ರನ್ನ ಕರ್ಸಿದ್ದು ಇವ್ರ ಮನೆಯೋರೇ ಅಲ್ವಾ? ಯಾಕ್ ಕರ್ಸಿದ್ರು ಅಂತ."

ಪಕ್ಕದವನು ಯೋಚನೆ ಮಾಡಿದ. ಅವನು ಇನ್ನೊಬ್ಬನ ಕಿವಿಗೆ ಬಾಗಿದ. ಆ ಸಾಲಿನ ತಲೆಗಳೆಲ್ಲ ಒಂದೊಂದಾಗಿ ಬಾಗುತ್ತಾ ಹೋದವು. ವಿ.ಎ.ಓ. ಕೂಡ ಕತ್ತು ಚಾಚಿ ಮುನಿರತ್ನಮ್ಮನನ್ನು ನೋಡಿದರು. ಬಚ್ಚಪ್ಪ ಜೇಬಿನಿಂದ ಫೋನು ತೆಗೆದ.

ಈ ಬಾಗುವ ತಲೆಗಳನ್ನು ಭೈರೇಶ್ ನಿನ್ನೆ ಕಂಡಿದ್ದ. ಅವನು ಅಳುವುದನ್ನು ನಿಲ್ಲಿಸಿ, ಗುಂಡಿಯನ್ನು ಬಳಸಿಕೊಂಡು, ಮಣ್ಣಿನಲ್ಲಿ ಜಾರುತ್ತಾ ಸೋದರತ್ತೆಯ ಹತ್ತಿರ ಹೋದ.

"ಅತ್ತೆ, ಅಳು," ಎಂದು ಪಿಸುಗುಟ್ಟಿದ. "ನೋಡ್ತಾವ್ರೆ."

"ಬತ್ತಾ ಇಲ್ಲ ಕಣ್ಲಾ," ಎಂದಳು ಮುನಿರತ್ನಮ್ಮ. "ನಮ್ಮಣ್ಣನ್ನ ನಾನೇ ಕುಯ್ಸ್ಬುಟ್ನಲ್ಲ. ಎಲ್ಲಿಂದ ಬರ್ಬೇಕು."

ಭೈರೇಶ್ ಹಿಂದೆ ತಿರುಗಿ ನೋಡಿದ. ಬಚ್ಚಪ್ಪ ಫೋನನ್ನು ಕಿವಿಯ ಹತ್ತಿರ ತಂದಿದ್ದ. ಭೈರೇಶ್ ಅವಳ ಸೆರಗನ್ನು ಎಳೆದು ಅವಳ ತಲೆಯ ಮೇಲೆ ಮುಖ ಮುಚ್ಚುವ ಹಾಗೆ ಹೊದಿಸಿದ. ಆ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡ.

"ಹಿಂಗೇ ಇರು. ತಲೆ ಎತ್ಬ್ಯಾಡ. ನಿಂದೂ ಸೇರ್ಸಿ ನಾನೇ ಅಳ್ತೀನಿ."

ಅವನು ಬಾಯಿ ತೆರೆದ. ಸುತ್ತ ನಿಂತವರಿಗೆ ಕಂಡದ್ದು ಇಬ್ಬರ ಬೆನ್ನು ಒಟ್ಟಿಗೆ ಕುಲುಕುವುದು ಮಾತ್ರ.

"ಅಂತೂ ಅತ್ಲಪ್ಪ," ಎಂದು ಬಚ್ಚಪ್ಪ ಫೋನನ್ನು ಜೇಬಿಗೆ ಹಾಕಿಕೊಂಡ.